ಸೋರಿಯಾಸಿಸ್: ಚರ್ಮದಿಂದ ರಕ್ತನಾಳದವರೆಗೆ

ಮೊಣಕೈ, ಮಂಡಿ, ನೆತ್ತಿಯ ಮೇಲೆ ಕೆಂಪು ದದ್ದು ಎದ್ದು, ಅದರಿಂದ ಬೆಳ್ಳಿ ಬಣ್ಣದ ಹೊಟ್ಟು ಉದುರುವ ಸೋರಿಯಾಸಿಸ್ ಅಂಟುರೋಗವಲ್ಲ. ಆದರೂ ಯುರೋಪಿನಲ್ಲಿ ಅದು ಶತಮಾನಗಳ ಕಾಲ ಕುಷ್ಠದೊಂದಿಗೆ ಬೆರೆತುಹೋಗಿತ್ತು. 19ನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಅದರ ಲಕ್ಷಣಗಳನ್ನು ನಿಖರವಾಗಿ ವಿವರಿಸಿದರೂ ಅವರ ವರ್ಗೀಕರಣದಲ್ಲಿ ಕುಷ್ಠವನ್ನು ನೆನಪಿಸುವ ಲೆಪ್ರಾ ಎಂಬ ಹೆಸರು ಉಳಿದೇ ಇತ್ತು. ಆ ಹೆಸರಿನ ಕಳಂಕ ಕಳಚಿದ್ದು 1841ರಲ್ಲಿ, ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಅವರಿಂದ. ಈ ಬಿಡುಗಡೆ ದೊಡ್ಡದು. ಆದರೆ ಮುಂದಿನ ನೂರೈವತ್ತು ವರ್ಷ ರೋಗ ಚರ್ಮದ ವೈದ್ಯರ ಕೋಣೆಯನ್ನು ದಾಟಲಿಲ್ಲ.

ಚಿಕಿತ್ಸೆಯ ಚರಿತ್ರೆಯಲ್ಲಿ ಭಾರತದ ನಂಟೂ ಇದೆ. ಬ್ರೆಜಿಲ್‌ನ ಅರರೋಬಾ ಮರದ ಕಾಂಡದೊಳಗಿನ ಬಿರುಕುಗಳಲ್ಲಿ ಸಿಗುವ ಹಳದಿ ಪುಡಿಯನ್ನು ಪೋರ್ಚುಗೀಸರು ಗೋವಾಕ್ಕೆ ತಂದರು. ಇಲ್ಲಿ ಅದನ್ನು ಹುಳುಕಡ್ಡಿಗೆ ಹಚ್ಚುತ್ತಿದ್ದರು. ವ್ಯಾಪಾರದಲ್ಲಿ ಅದಕ್ಕೆ 'ಗೋವಾ ಪುಡಿ' ಎಂದೇ ಹೆಸರಾಯಿತು. 1876ರಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವೈರ್ ಇದು ಸೋರಿಯಾಸಿಸ್ಸಿಗೂ ಹಿಡಿಯುತ್ತದೆ ಎಂಬುದನ್ನು ಆಕಸ್ಮಿಕವಾಗಿ ಕಂಡುಕೊಂಡರು. ಪುಡಿ ಚರ್ಮವನ್ನು ಉರಿಸುತ್ತಿತ್ತು, ಬಟ್ಟೆಗೆ ಹೋಗದ ಕಲೆ ಮಾಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಬ್ರೆಜಿಲ್‌ನ ಸರಕು ನಿಂತಾಗ ಅಲ್ಲಿನವರು ಅದಕ್ಕೆ ಬದಲಾಗಿ ಡೈಥ್ರನಾಲ್ ತಯಾರಿಸಿದರು. 1925ರಲ್ಲಿ ಅಮೆರಿಕದ ವಿಲಿಯಂ ಗೋಕರ್‌ಮನ್ ಕಲ್ಲಿದ್ದಲ ಟಾರಿನ ಜೊತೆಗೆ ನೇರಳಾತೀತ ಬೆಳಕನ್ನು ಸೇರಿಸಿದರು. ಎಲ್ಲವೂ ಹೊರಗಿನಿಂದ ನಡೆದ ಚಿಕಿತ್ಸೆಯೇ.

ಒಳಗಿನ ಸುಳಿವು ಸಿಗದೆ ಇರಲಿಲ್ಲ. ಸೋರಿಯಾಸಿಸ್ ಮತ್ತು ಸಕ್ಕರೆ ಕಾಯಿಲೆ ಜೊತೆಯಾಗಿ ಕಾಣುವುದನ್ನು 1897ರಲ್ಲೇ ಸ್ಟ್ರೌಸ್ ಎಂಬವರು ದಾಖಲಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆ ಶಿಬಿರದಲ್ಲಿ ಹಸಿವಿನಿಂದ ಸೊರಗಿದವರ ಸೋರಿಯಾಸಿಸ್ ತಗ್ಗಿದ್ದನ್ನು ಡಚ್ ವೈದ್ಯ ಸೈಮನ್ಸ್ 1949ರಲ್ಲಿ ವರದಿ ಮಾಡಿದರು. ಅಷ್ಟು ಯಾತನೆಯ ನಡುವೆ ದೊರೆತ ಈ ಸುಳಿವನ್ನು ಬಹುಕಾಲ ಯಾರೂ ಬೆನ್ನಟ್ಟಲಿಲ್ಲ. ರೋಗವೆಂದರೆ ಚರ್ಮದ ಕೋಶಗಳ ಅತಿವೇಗದ ಬೆಳವಣಿಗೆ ಎಂದಷ್ಟೇ ಬಗೆದಿದ್ದರಿಂದ ಹೊಟ್ಟೆಯ ಸುತ್ತಳತೆ ಅಳೆಯುವ ಕಾರಣವೇ ವೈದ್ಯರಿಗೆ ಕಾಣಲಿಲ್ಲ.

ಆ ನಂಬಿಕೆ ಅಲುಗಾಡಿದ್ದು 1979ರಲ್ಲಿ. ದೇಹದ ಪ್ರತಿರಕ್ಷಣೆಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಕೊಟ್ಟಾಗ ಚರ್ಮ ತಿಳಿಯಾಯಿತು; ರೋಗದ ಬೇರು ಪ್ರತಿರಕ್ಷಣೆಯಲ್ಲಿದೆ ಎಂಬುದಕ್ಕೆ ಆಧಾರ ಸಿಕ್ಕಿತು. ಕೊಬ್ಬಿನ ಕಥೆ 1993ರಲ್ಲಿ ಇದನ್ನು ಕೂಡಿಕೊಂಡಿತು. ಬೊಜ್ಜು ಬಂದ ಪ್ರಾಣಿಗಳ ಕೊಬ್ಬಿನ ಅಂಗಾಂಶ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ಹೊರಹಾಕುತ್ತದೆ ಎಂದು ಹೊಟಮಿಸ್ಲಿಗಿಲ್ ಮತ್ತು ಸಂಗಡಿಗರು ತೋರಿಸಿದರು. ಸೋರಿಯಾಸಿಸ್ಸಿನ ದದ್ದಿನಲ್ಲಿಯೂ ಅದೇ ರಾಸಾಯನಿಕ ಹೇರಳ. 2007ರಲ್ಲಿ ಅಮೆರಿಕದ 78,626 ದಾದಿಯರನ್ನು ಹಿಂಬಾಲಿಸಿದ ಅಧ್ಯಯನ, ತೂಕ ಏರಿದಂತೆ ಸೋರಿಯಾಸಿಸ್ ಬರುವ ಸಾಧ್ಯತೆಯೂ ಏರುವುದನ್ನು ಕಂಡಿತು.

ರಕ್ತನಾಳಗಳ ಮಾತು ಅದಕ್ಕೂ ಹಿಂದಿನದು. ಸೋರಿಯಾಸಿಸ್ ಇರುವವರಲ್ಲಿ ರಕ್ತನಾಳ ಮುಚ್ಚಿಕೊಳ್ಳುವ ರೋಗಗಳು ಬೇರೆ ಚರ್ಮರೋಗಿಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ಮೆಕ್‌ಡೊನಾಲ್ಡ್ ಮತ್ತು ಕಲಬ್ರೆಸಿ 1978ರಲ್ಲಿ ಬರೆದಿದ್ದರು. ಆ ರೋಗಗಳಲ್ಲಿ ಪಾರ್ಶ್ವವಾಯುವೂ ಸೇರಿತ್ತು. ಅದಾದ ಮೂರು ದಶಕಗಳ ಮೇಲೆ, 2009ರಲ್ಲಿ, ಜೋಯಲ್ ಗೆಲ್ಫಾಂಡ್ ಮತ್ತು ಸಂಗಡಿಗರು ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಜಾಲಾಡಿದರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳ ಪ್ರಭಾವವನ್ನು ಕಳೆದ ಮೇಲೂ ತೀವ್ರ ಸೋರಿಯಾಸಿಸ್ ಇರುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 43ರಷ್ಟು ಹೆಚ್ಚಿತ್ತು. ಸೌಮ್ಯ ರೋಗದಲ್ಲಿ ಏರಿಕೆ ಅತಿ ಕಡಿಮೆ. ಚಿಕ್ಕ ದದ್ದು ಕಂಡು ಗಾಬರಿಯಾಗಬೇಕಿಲ್ಲ.

ಸೋರಿಯಾಸಿಸ್ಸಿನ ನಿರಂತರ ಉರಿಯೂತ ರಕ್ತನಾಳದ ಒಳಪದರವನ್ನು ಹಾಳುಗೆಡವುತ್ತದೆ. ಅಲ್ಲಿ ಕೊಬ್ಬು ಶೇಖರವಾಗುತ್ತದೆ, ಆ ಪದರ ಒಡೆದಾಗ ರಕ್ತ ಹೆಪ್ಪುಗಟ್ಟುತ್ತದೆ. ಕುತ್ತಿಗೆಯ ಅಥವಾ ಮೆದುಳಿನ ನಾಳ ಹೀಗೆ ಮುಚ್ಚಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ. ಬೊಜ್ಜು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಏರಿಸಿ ಈ ಹಾದಿಯನ್ನು ಇನ್ನಷ್ಟು ಹತ್ತಿರ ಮಾಡುತ್ತದೆ.

ಅಮೆರಿಕದ ಹೃದ್ರೋಗ ತಜ್ಞರ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿ ಸೋರಿಯಾಸಿಸ್ಸನ್ನು ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಗೆ ಸೇರಿಸಿತು. ಈಗ ಸೋರಿಯಾಸಿಸ್ ರೋಗಿಯ ತಪಾಸಣೆಯಲ್ಲಿ ತೂಕ, ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟ್ರಾಲ್‌ಗಳನ್ನೂ ನೋಡಬೇಕೆಂಬುದು ಚರ್ಮವೈದ್ಯರ ಸಲಹೆ.