ಗಾಡಿಯ ಮೆಟ್ಟಿಲು

ಒಂದು ಗಾಡಿಯನ್ನು ಯಾರಿಗಾಗಿ ಕಟ್ಟಿದರೆಂದು ತಿಳಿಯಬೇಕಾದರೆ ಅದಕ್ಕೆ ಹತ್ತುವ ಮೆಟ್ಟಿಲು ಎಲ್ಲಿದೆಯೆಂದು ನೋಡಬೇಕು. ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಮಾಜ ವಿಜ್ಞಾನ ಬೋಧಿಸಿದ ನನಗೆ ಪಠ್ಯಪುಸ್ತಕಗಳಲ್ಲಿ ರಥಗಳು ಸಿಕ್ಕವು, ರೈಲುಗಳು ಸಿಕ್ಕವು. ಮೆಟ್ಟಿಲು ಮಾತ್ರ ಸಿಗಲಿಲ್ಲ. ಇಂದು ಅದರ ಚರಿತ್ರೆಯನ್ನು ನಮ್ಮ ಸೀಮೆಯ ಮಟ್ಟಿಗೆ ಬರೆಯುತ್ತಿದ್ದೇನೆ. ನಮ್ಮ ಸೀಮೆಯೆಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಹೆಸರು ಬದಲಿಸಿಕೊಂಡ ಪ್ರದೇಶ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಪಿಕಪ್ ವಾಹನಗಳ ಒಡೆಯರು. ಅವರಿಗೆ ಈ ಲೇಖನ ಪ್ರಯೋಜನಕ್ಕೂ ಬರಬಹುದು.

ಎತ್ತಿನ ಗಾಡಿಗೆ ಮೆಟ್ಟಿಲಿರಲಿಲ್ಲ. ಅದು ಹುಲ್ಲು, ಗೊಬ್ಬರ, ರಾಗಿ ಹೊರುವ ಸಾಧನ. ಹತ್ತುವವರು ಗಾಲಿಯ ಗುಂಬದ ಮೇಲೆ ಕಾಲಿಟ್ಟು ಹತ್ತುತ್ತಿದ್ದರು. ಆಗದವರನ್ನು ಹಿಂದಿನಿಂದ ಎತ್ತಿ ಕೂರಿಸುತ್ತಿದ್ದರು. ಜಟಕಾ ಬಂಡಿಯ ರೀತಿಯೇ ಬೇರೆ. ಅದು ಬಾಡಿಗೆಗೆ ಜನರನ್ನು ಒಯ್ಯುವ ಬಂಡಿ, ಆದ್ದರಿಂದ ಹಿಂಬದಿಯಲ್ಲಿ ಅಂಗೈಯಗಲದ ಕಬ್ಬಿಣದ ಮೆಟ್ಟಿಲೊಂದು ತೂಗುತ್ತಿತ್ತು. ನನ್ನ ಬಾಲ್ಯದಲ್ಲಿ ಚನ್ನಪಟ್ಟಣದ ರೈಲು ನಿಲ್ದಾಣದ ಮುಂದೆ ನಿಲ್ಲುತ್ತಿದ್ದ ಜಟಕಾಗಳ ಆ ಮೆಟ್ಟಿಲು ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು.

ಮೋಟಾರು ಕಾರು ಈ ಮೆಟ್ಟಿಲನ್ನು ಕುದುರೆಯ ಸಾರೋಟಿನಿಂದ ಬಳುವಳಿಯಾಗಿ ಪಡೆಯಿತು. 1908ರಲ್ಲಿ ಅಮೆರಿಕದಲ್ಲಿ ಹೊರಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಚಿತ್ರ ನೋಡಿದವರಿಗೆ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನದರವರೆಗೆ ಚಾಚಿದ ಉದ್ದನೆಯ ಹಲಗೆ ನೆನಪಿರಬಹುದು. ನೆಲಹಾಸು ಎತ್ತರದಲ್ಲಿತ್ತು, ಹಲಗೆ ಬೇಕಿತ್ತು. 1930ರ ದಶಕದಿಂದೀಚೆಗೆ ಕಾರುಗಳು ಅಗಲವಾದವು, ತಗ್ಗಾದವು. ಹಲಗೆ ಮೆಲ್ಲನೆ ಮಾಯವಾಯಿತು. ನಮ್ಮ ಅಂಬಾಸಡರಿಗೆ ಅದು ಇರಲೇ ಇಲ್ಲ.

ನಾಲ್ಕು ತಾಲ್ಲೂಕುಗಳ ಕಥೆ ಒಂದೇ ಅಲ್ಲ. ಬೆಂಗಳೂರಿನಿಂದ ಹೊರಟ ರೈಲು ಹಳಿ 1882ರ ಹೊತ್ತಿಗೆ ಮೈಸೂರನ್ನು ಮುಟ್ಟಿತು. ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಿಲ್ದಾಣಗಳಾದವು. ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರ, ಮತ್ತು ಮಾಗಡಿಗೆ ಹಳಿ ಬರಲಿಲ್ಲ. ಅಲ್ಲಿ ಬಸ್ಸೇ ಗತಿ. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಸರ್ಕಾರಿ ಬಸ್ಸಾಗಲಿ ಖಾಸಗಿ ಬಸ್ಸಾಗಲಿ, ಫುಟ್‌ಬೋರ್ಡು ಹತ್ತುವ ಮೆಟ್ಟಿಲಷ್ಟೇ ಆಗಿ ಉಳಿಯಲಿಲ್ಲ, ಟಿಕೆಟ್ಟು ಪಡೆದು ನಿಲ್ಲುವ ತಾಣವೂ ಆಯಿತು. ನಮ್ಮ ಶಾಲೆಗೆ ಹಾಗೆ ನೇತಾಡಿಕೊಂಡೇ ಬರುತ್ತಿದ್ದ ಹುಡುಗರ ಹೆಸರು ಹೇಳುವುದಿಲ್ಲ, ಓದುತ್ತಿರುವವರಿಗೆ ಗೊತ್ತು.

ಇನ್ನು ಪಿಕಪ್. 2005ರಲ್ಲಿ ಬಂದ ಟಾಟಾ ಏಸ್ ತಗ್ಗಾದ ಗಾಡಿ, ಹತ್ತಲು ಕಷ್ಟವಿಲ್ಲ. ಆದರೆ ಹೊಲದ ದಾರಿಗೆಂದು ನಮ್ಮವರು ಮೆಚ್ಚಿದ್ದು ಬೊಲೆರೊ ಪಿಕಪ್ಪಿನಂತಹ ಎತ್ತರದ ಗಾಡಿಗಳನ್ನು. ಇವುಗಳಿಂದ ರೇಷ್ಮೆ ಬೆಳೆಗಾರರಿಗೆ ಆದ ಅನುಕೂಲ ಸಣ್ಣದಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಐದಾರು ದಿನಕ್ಕೆ ಗೂಡು ಬಿಡಿಸಿ, ಒತ್ತದಂತೆ, ನೆನೆಯದಂತೆ, ರಾತ್ರಿಯ ತಂಪಿನಲ್ಲೇ ರಾಮನಗರದ ಮಾರುಕಟ್ಟೆ ಸೇರಿಸಬೇಕು. ತಡವಾದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹೋಯಿತು. ತೂಕ ಕಡಿಮೆ, ಜಾಗ ಹೆಚ್ಚು ಬೇಡುವ ಈ ಸರಕಿಗೆ ಪಿಕಪ್ಪು ಹೇಳಿ ಮಾಡಿಸಿದ್ದು.

ಆದರೆ ಗೂಡು ಬೆಳೆದವಳು? ಕನಕಪುರ ತಾಲ್ಲೂಕಿನ ನನ್ನ ಅಕ್ಕನಿಗೆ ಎಪ್ಪತ್ತು ದಾಟಿದೆ. ಹುಳು ಸಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿಲ್ಲ. ಬಸ್ಸಿನ ಕಾಲದಲ್ಲಿ ಅವಳೇ ಮೂಟೆಯೊಡನೆ ಮಾರುಕಟ್ಟೆಗೆ ಹೋಗಿ, ಹರಾಜು ಮುಗಿಯುವ ತನಕ ನಿಂತು, ದುಡ್ಡು ಎಣಿಸಿಕೊಂಡು ಬರುತ್ತಿದ್ದಳು. ಮನೆಗೆ ಪಿಕಪ್ ಬಂದ ಮೇಲೆ ಅವಳ ಪ್ರಯಾಣ ನಿಂತಿತು. ಕ್ಯಾಬಿನ್ನಿನ ನೆಲ ಅವಳ ಮೊಣಕಾಲಿಗಿಂತ ಮೇಲೆ. ಮೊಣಕಾಲೋ ಮಡಿಸಲು ಒಲ್ಲದು. ಮಗ ರೆಟ್ಟೆ ಹಿಡಿದು ಎತ್ತಲು ಹೋದರೆ, “ನನ್ನನ್ನ ಮೂಟೆ ಥರ ಎತ್ತಿ ಹಾಕ್ಬೇಡ ಕಣೋ” ಎಂದು ಹಿಂದೆ ಸರಿದಳು. ಎರಡು ವರ್ಷ ಅವಳ ಬೆಳೆಯ ಧಾರಣೆಯನ್ನು ಅವಳು ಫೋನಿನಲ್ಲಿ ಕೇಳಿ ತಿಳಿದಳು. ಎಷ್ಟು ಕಿಲೋ ಹೊರಬಲ್ಲದೆಂದು ಲೆಕ್ಕ ಹಾಕಿ ಕಟ್ಟಿದ ಗಾಡಿಯಲ್ಲಿ ಅಂಥವಳ ಲೆಕ್ಕ ಹಾಕಿರಲಿಲ್ಲವೆಂದು ನನ್ನ ಅನಿಸಿಕೆ.

ಕಡೆಗೆ ಸೈಡ್ ಸ್ಟೆಪ್ ಹಾಕಿಸುವುದೆಂದು ನಿಶ್ಚಯವಾಯಿತು. ರಾಮನಗರದ ವರ್ಕ್‌ಶಾಪಿಗೆ ನಾನೂ ಹೋಗಿದ್ದೆ. ಅಕ್ಕ ಬಸ್ಸಿನಲ್ಲಿ ಬಂದಿದ್ದಳು. ಅಲ್ಲಿನ ಹುಡುಗ ಹೊಳೆಯುವ ದುಂಡು ಪೈಪಿನದನ್ನು ತೋರಿಸಿ, “ಮೇಷ್ಟ್ರೇ, ನೋಡೋಕೆ ಇದೇ ಚೆಂದ” ಎಂದ. ಅಕ್ಕ ನನ್ನ ಉತ್ತರಕ್ಕೆ ಕಾಯಲಿಲ್ಲ. “ಚೆಂದ ನೀನೇ ಇಟ್ಕೊಳ್ಳಪ್ಪ, ನನ್ನ ಪಾದ ಪೂರ್ತಿ ಊರಂಗಿರ್ಬೇಕು” ಎಂದಳು. ಅಲ್ಲಿಗೆ ಗೀರುಗಳುಳ್ಳ ಚಪ್ಪಟೆ ಹಲಗೆಯೇ ಸರಿಯೆಂದಾಯಿತು. ಕೆಸರುಗಾಲಿಗೆ ದುಂಡು ಪೈಪು ಜಾರುವುದು ನಿಜ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪಿಕಪ್ಪಿನ ಕ್ಯಾಬಿನ್ನು ಚಾಸಿಯ ಮೇಲೆ ರಬ್ಬರ್ ಬುಷ್‌ಗಳ ಆಧಾರದಲ್ಲಿ ಕುಳಿತಿರುತ್ತದೆ. ಗಾಡಿ ಗುಂಡಿಗಿಳಿದಾಗ ಚಾಸಿ ಒಂದು ಬಗೆಯಲ್ಲಿ ತಿರುಚಿಕೊಂಡರೆ ಕ್ಯಾಬಿನ್ನು ಇನ್ನೊಂದು ಬಗೆಯಲ್ಲಿ ಅಲುಗುತ್ತದೆ. ಆದ್ದರಿಂದ ಮೆಟ್ಟಿಲಿನ ಬ್ರಾಕೆಟ್ಟುಗಳನ್ನು ಚಾಸಿಗಷ್ಟೇ ಬಿಗಿಯಬೇಕು; ಇನ್ನೊಂದು ತುದಿಯನ್ನು ಬಾಗಿಲ ಕೆಳಗಿನ ತಗಡಿಗೆ ಸೇರಿಸಿದರೆ ತಗಡು ಬಿರಿಯುತ್ತದೆ. ಚಾಸಿಯಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸುವುದು ಉತ್ತಮ. ಹೊಸದಾಗಿ ಕೊರೆದಲ್ಲಿ, ವೆಲ್ಡಿಂಗ್ ಮಾಡಿದಲ್ಲಿ ಮುಂದೆ ಬಿರುಕು ಕಾಣಿಸುವ ಸಂಭವವಿದೆ. ಡೀಸೆಲ್ ಪೈಪು, ಬ್ರೇಕ್ ಪೈಪು, ವೈರುಗಳು ಅದರ ಮಗ್ಗುಲಲ್ಲೇ ಹಾಯುವುದರಿಂದ ಬ್ರಾಕೆಟ್ಟು ಅವನ್ನು ಉಜ್ಜಬಾರದು. ಬೋಲ್ಟುಗಳನ್ನು ಮೊದಲು ಕೈಯಲ್ಲೇ ತೊಡಿಸಿ, ಹಲಗೆ ಸಮಮಟ್ಟಕ್ಕೆ ಬಂದ ಮೇಲೆ ಸ್ಪ್ಯಾನರಿನಿಂದ ಬಿಗಿದರು. ಎತ್ತರ ನೆಲಕ್ಕೂ ಕ್ಯಾಬಿನ್ನಿಗೂ ನಡುವೆ ಸರಿಸುಮಾರು ಅರ್ಧ. ಇನ್ನೂ ತಗ್ಗಿಸಿದ್ದರೆ ಹೊಲದ ಬದುವಿಗೆ ತಾಗುತ್ತಿತ್ತು. ಅಕ್ಕನನ್ನು ಹತ್ತಿಸಿ, ಇಳಿಸಿ, ಮತ್ತೆ ಹತ್ತಿಸಿ ನೋಡಿದೆವು. ಬಾಗಿಲ ಒಳಗೆ ಕೈಹಿಡಿಯೂ ಬೇಕೆಂದಳು, ಅದೂ ಬಂತು.

ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಮುಂಭಾಗದ ಬುಲ್ ಬಾರುಗಳನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಇದೇ ಕಲಮಿನಡಿ ಅಕ್ರಮವೆಂದಿತು. ಆದ್ದರಿಂದ ಟೈರಿನ ಹೊರಗೆರೆಯನ್ನು ದಾಟದ ಹಲಗೆಯನ್ನೇ ಆರಿಸಿದೆವು. ಅದೇ ಕಾಯ್ದೆಯ 123ನೆಯ ಕಲಮಿನಂತೆ ಚಲಿಸುವ ವಾಹನದ ಮೆಟ್ಟಿಲ ಮೇಲೆ ಯಾರನ್ನೂ ಒಯ್ಯುವಂತಿಲ್ಲ. ಮಾವಿನ ಸುಗ್ಗಿಯಲ್ಲಿ ಕ್ರೇಟು ತುಂಬಿದ ಹುಡುಗರು ಹಲಗೆಯ ಮೇಲೆ ನಿಂತು ತೋಟದಿಂದ ರಸ್ತೆಯವರೆಗೆ ಬರುವ ಆಸೆ ತೋರಿಸಿದರಂತೆ. ಅವರು ಇಳಿಯುವ ತನಕ ಅಕ್ಕ ಗಾಡಿಯ ಕೀಲಿ ಕೊಡಲಿಲ್ಲವೆಂದು ಸೋದರಳಿಯ ಹೇಳಿದ.

ಸುಮಾರು 500 ಕಿಲೋಮೀಟರು ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ನಮ್ಮದರಲ್ಲಿ ಎಡಬದಿಯದೊಂದು ಅರ್ಧ ಸುತ್ತು ಸಡಿಲವಾಗಿತ್ತು, ಬಿಗಿಸಿದ್ದಾಯಿತು. ಎಡಬದಿಯೇ ಅಕ್ಕ ಹತ್ತುವ ಕಡೆ.