ಟೈಗರ್ 131: ಹಳೇ ಯುದ್ಧಟ್ಯಾಂಕ್‌ಗೆ ‘ಒರಿಜಿನಲ್’ ಪಾರ್ಟ್ ಹುಡುಕಿದ ಕಥೆ



2014ರಲ್ಲಿ ಬಂದ ‘ಫ್ಯೂರಿ’ ಸಿನಿಮಾವನ್ನ ನಿಮ್ಮಲ್ಲಿ ಸಾಕಷ್ಟು ಜನ ನೋಡಿರ್ತೀರಿ. ಬ್ರಾಡ್ ಪಿಟ್ ತಂಡದ ಅಮೆರಿಕನ್ ಟ್ಯಾಂಕ್‌ಗಳ ಎದುರು ಒಂದು ದೈತ್ಯ ಜರ್ಮನ್ ಟ್ಯಾಂಕ್ ಬಂದು ನಿಲ್ಲುತ್ತಲ್ಲ, ನೆನಪಿದೆಯಾ? ಅದು ಗ್ರಾಫಿಕ್ಸ್ ಅಲ್ಲ. ಬೇರೆ ಟ್ಯಾಂಕ್‌ಗೆ ತಗಡು ಹೊಡೆದು ವೇಷ ಹಾಕಿದ್ದೂ ಅಲ್ಲ. 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಸಿನಿಮಾದಲ್ಲಿ ಹಾಗೆ ಮಾಡಿದ್ದರು. ಸೋವಿಯತ್ ಕಾಲದ ಟಿ-34 ಟ್ಯಾಂಕ್‌ಗೆ ಜರ್ಮನ್ ಟೈಗರ್‌ನ ವೇಷ ಹಾಕಿದ್ದರು. ಆದರೆ ‘ಫ್ಯೂರಿ’ಯಲ್ಲಿ ಇದ್ದದ್ದು ನಿಜವಾದ ಟೈಗರ್. ಹೆಸರು ಟೈಗರ್ 131. ಇರೋದು ಇಂಗ್ಲೆಂಡಿನ ಬೋವಿಂಗ್ಟನ್ ಅನ್ನೋ ಊರಿನ ಟ್ಯಾಂಕ್ ಮ್ಯೂಸಿಯಂನಲ್ಲಿ. ಸ್ವಂತ ಬಲದ ಮೇಲೆ ಓಡಬಲ್ಲ ಟೈಗರ್-1 ಜಗತ್ತಿನಲ್ಲಿ ಇದೊಂದೇ ಅಂತ ಮ್ಯೂಸಿಯಂ ಹೇಳುತ್ತದೆ.

ಈಗ ಒಂದು ವಿಚಿತ್ರ ಕೇಳಿ. ಈ ‘ನಿಜವಾದ’ ಟೈಗರ್ ದಶಕಗಳ ನಂತರ ಮತ್ತೆ ಓಡಿದಾಗ, ಅದರ ಹೊಟ್ಟೆಯೊಳಗೆ ಇದ್ದದ್ದು ಅದರ ಎಂಜಿನ್ ಅಲ್ಲ. ಇನ್ನೊಂದು ಟ್ಯಾಂಕ್‌ನದ್ದು. ಹಾಗಾದ್ರೆ ಇದನ್ನ ಒರಿಜಿನಲ್ ಅನ್ನಬಹುದಾ? ಇವತ್ತು ಮಾತಾಡೋದು ಇದರ ಬಗ್ಗೆಯೇ.

ಮೊದಲು ಟ್ಯಾಂಕ್‌ನ ಜಾತಕ. ಟೈಗರ್‌ಗಳು ತಯಾರಾಗ್ತಾ ಇದ್ದದ್ದು ಜರ್ಮನಿಯ ಕಾಸೆಲ್ ನಗರದ ಹೆನ್ಶೆಲ್ ಕಾರ್ಖಾನೆಯಲ್ಲಿ. 1942ರಿಂದ 1944ರವರೆಗೆ ಒಟ್ಟು ಸುಮಾರು 1,350 ಟೈಗರ್-1 ಟ್ಯಾಂಕ್‌ಗಳು ತಯಾರಾದವು. ತೂಕ 57 ಟನ್ ಆಸುಪಾಸು. ಮುಂಭಾಗದ ಉಕ್ಕಿನ ಗೋಡೆ 100 ಮಿಲಿಮೀಟರ್ ದಪ್ಪ. ಫಿರಂಗಿಯ ಬಾಯಿ 88 ಮಿಲಿಮೀಟರ್. ನಮ್ಮ 131 ತಯಾರಾದದ್ದು 1943ರ ಫೆಬ್ರುವರಿಯಲ್ಲಿ. ಚಾಸಿಸ್ ಸಂಖ್ಯೆ 250122. ತಯಾರಾಗಿ ಎರಡು ತಿಂಗಳು ಕಳೆಯೋದರೊಳಗೆ ಅದು ಸಮುದ್ರ ದಾಟಿ ಉತ್ತರ ಆಫ್ರಿಕಾದ ಟ್ಯುನೀಶಿಯಾ ಸೇರಿತ್ತು.

ಅಲ್ಲಿ ಅದರ ಆಯಸ್ಸು ತುಂಬಾ ಚಿಕ್ಕದು. 1943ರ ಏಪ್ರಿಲ್ 24ರಂದು ಗೆರಿಯಾತ್ ಎಲ್ ಅತಾಶ್ ಅನ್ನೋ ಗುಡ್ಡದ ಕಾಳಗದಲ್ಲಿ ಬ್ರಿಟಿಷರ ಚರ್ಚಿಲ್ ಟ್ಯಾಂಕ್‌ಗಳು ಇದರ ಮೇಲೆ ಗುಂಡು ಹಾರಿಸಿದವು. ಒಂದೊಂದು ಗುಂಡಿನ ತೂಕ ಮೂರು ಕೆಜಿಗಿಂತ ಸ್ವಲ್ಪ ಕಡಿಮೆ. ದಪ್ಪ ಉಕ್ಕನ್ನ ಅದು ಸೀಳೋದು ಕಷ್ಟ. ಆದರೆ ಒಂದು ಗುಂಡು ಫಿರಂಗಿಯ ಕೊಳವೆಗೆ ತಾಗಿ, ಜಾರಿ, ಟರೆಟ್‌ನ ಬುಡಕ್ಕೆ ಹೋಗಿ ಸಿಕ್ಕಿಕೊಂಡಿತು. ಟರೆಟ್ ಅಂದ್ರೆ ಫಿರಂಗಿ ಹೊತ್ತು ಸುತ್ತ ತಿರುಗುವ ಮೇಲಿನ ಭಾಗ. ಅದು ತಿರುಗೋದೇ ನಿಂತು ಹೋಯ್ತು. ಇನ್ನೊಂದು ಗುಂಡಿನಿಂದ ಫಿರಂಗಿಯನ್ನ ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಕೆಟ್ಟಿತು. ಒಳಗಿದ್ದವರು ಗಾಯಗೊಂಡವರನ್ನ ಎತ್ತಿಕೊಂಡು ಇಳಿದು ಹೋದರು. ಎಂಜಿನ್ ಚೆನ್ನಾಗಿತ್ತು, ಚಕ್ರಗಳು ಚೆನ್ನಾಗಿದ್ದವು, ಗುರಿಯಿಡೋಕೆ ಮಾತ್ರ ಆಗ್ತಿರಲಿಲ್ಲ. ಹೀಗೆ ಹೆಚ್ಚುಕಡಿಮೆ ಇಡಿಯಾಗಿ ಒಂದು ಟೈಗರ್ ಬ್ರಿಟಿಷರ ಕೈಗೆ ಸಿಕ್ಕಿತು.

ಇದಾಗಿ ಮೂರು ವಾರವೂ ಕಳೆದಿರಲಿಲ್ಲ, ಆಫ್ರಿಕಾದಲ್ಲಿ ಯುದ್ಧವೇ ಮುಗಿಯಿತು. ಅಲ್ಲಿನ ಜರ್ಮನ್ ದಂಡನಾಯಕ ಜನರಲ್ ಫಾನ್ ಆರ್ನಿಮ್ ಮೇ 12ರಂದು ಸೆರೆಯಾದದ್ದು ಯಾರ ಕೈಗೆ ಗೊತ್ತಾ? 4ನೇ ಇಂಡಿಯನ್ ಡಿವಿಷನ್‌ಗೆ. ಈ ಟ್ಯಾಂಕ್ ಸೋತ ಯುದ್ಧದಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು. ಟೈಗರ್ ಕಥೆ ಹೇಳುವಾಗ ಈ ಮಾತು ಕೇಳಿಬರೋದು ಅಪರೂಪ, ಅದಕ್ಕೇ ಹೇಳಿದೆ.

ಈಗ ಬಿಡಿಭಾಗಗಳ ವಿಷಯಕ್ಕೆ ಬರೋಣ. ಟೈಗರ್ 131ಕ್ಕೆ ಬೇರೆ ಟ್ಯಾಂಕ್‌ನ ಪಾರ್ಟ್ ಹಾಕಿದ್ದು ಮ್ಯೂಸಿಯಂಗೆ ಬಂದ ಮೇಲೆ ಅಂತ ನೀವು ಅಂದುಕೊಂಡಿರಬಹುದು. ಹಾಗಿಲ್ಲ. ಸಿಕ್ಕ ಕೆಲವೇ ದಿನಗಳಲ್ಲಿ ಬ್ರಿಟಿಷರು ಅದನ್ನ ರಿಪೇರಿ ಮಾಡಿದರು. ಪಾರ್ಟ್ ಎಲ್ಲಿಂದ? ಅದೇ ಟ್ಯುನೀಶಿಯಾದಲ್ಲಿ ನಾಶವಾಗಿ ಬಿದ್ದಿದ್ದ ಬೇರೆ ಟೈಗರ್‌ಗಳಿಂದ. ಅಂದ್ರೆ ದೊರೆ 6ನೇ ಜಾರ್ಜ್ ಮತ್ತು ಪ್ರಧಾನಿ ಚರ್ಚಿಲ್ ಟ್ಯೂನಿಸ್‌ನಲ್ಲಿ ಈ ಟ್ಯಾಂಕ್‌ನ ಮುಂದೆ ನಿಂತಾಗಲೇ ಅದು ನೂರಕ್ಕೆ ನೂರು ‘ಒರಿಜಿನಲ್’ ಆಗಿರಲಿಲ್ಲ. ಯುದ್ಧಭೂಮಿಯಲ್ಲಿ ಎಲ್ಲ ಸೇನೆಗಳೂ ಹೀಗೇ ಮಾಡ್ತಿದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ಬಿಚ್ಚು, ಹಾಕು, ಓಡಿಸು.

1943ರ ಅಕ್ಟೋಬರ್‌ನಲ್ಲಿ ಟ್ಯಾಂಕ್ ಇಂಗ್ಲೆಂಡಿಗೆ ಹೋಯ್ತು. ಅಲ್ಲಿನ ತಂತ್ರಜ್ಞರು ಬಿಚ್ಚಿ, ಅಳೆದು, ಓಡಿಸಿ ನೋಡಿ ವರದಿ ಬರೆದರು. ಅವರಿಗೆ ಇದು ಶತ್ರುವಿನ ಗುಟ್ಟು ತಿಳಿಸುವ ಪುಸ್ತಕ ಇದ್ದ ಹಾಗೆ. ಅದರ ಮೂಲ ಎಂಜಿನ್ ಮೇಬ್ಯಾಕ್ ಎಚ್‌ಎಲ್ 210. ಅದನ್ನ ಕೊಯ್ದು, ಒಳಭಾಗ ಕಾಣುವ ಹಾಗೆ ಪ್ರದರ್ಶನಕ್ಕೆ ಮಾಡಿಬಿಟ್ಟರು. ಹಲಸಿನ ಹಣ್ಣು ಕೊಯ್ದು ತೊಳೆ ತೋರಿಸಿದಂತೆ. 1951ರ ಸೆಪ್ಟೆಂಬರ್ 25ರಂದು ಟ್ಯಾಂಕ್ ಮ್ಯೂಸಿಯಂಗೆ ಬಂತು. ಅಲ್ಲಿಂದ ಸುಮಾರು ನಾಲ್ಕು ದಶಕ ನಿಂತಲ್ಲೇ ನಿಂತಿತ್ತು.

1990ರಲ್ಲಿ ಅದನ್ನ ಮತ್ತೆ ಓಡಿಸೋ ಕೆಲಸ ಶುರುವಾಯ್ತು. ಮ್ಯೂಸಿಯಂ ಮತ್ತು ಬ್ರಿಟಿಷ್ ಸೇನೆಯ ದುರಸ್ತಿ ವಿಭಾಗ ಎರಡೂ ಸೇರಿ ಟ್ಯಾಂಕ್‌ನ ಹೆಚ್ಚೂಕಡಿಮೆ ಪೂರ್ತಿ ಬಿಚ್ಚಿದರು. ಮುಗಿದಾಗ 2003ರ ಡಿಸೆಂಬರ್. ಹದಿಮೂರು ವರ್ಷ!

ಯಾಕಿಷ್ಟು ಕಷ್ಟ? ಮನೆಯಲ್ಲಿ ಅಪ್ಪನ ಕಾಲದ ಬೈಕ್ ರಿಪೇರಿ ಮಾಡಿಸಿದವರಿಗೆ ಅರ್ಥ ಆಗುತ್ತೆ. ಕಂಪನಿ ಮುಚ್ಚಿದೆ, ಗುಜರಿಯಲ್ಲಿ ಹುಡುಕಬೇಕು, ಸಿಕ್ಕಿದ್ದು ಆ ಮಾಡೆಲ್‌ಗೆ ಕೂರೋದಿಲ್ಲ. ಟೈಗರ್‌ನಲ್ಲೂ ಅದೇ ಗೋಳು, ಟನ್‌ಗಟ್ಟಲೆ ತೂಕದಲ್ಲಿ. ಮೊದಲ 250 ಟೈಗರ್‌ಗಳಿಗೆ ಮಾತ್ರ ಎಚ್‌ಎಲ್ 210 ಎಂಜಿನ್ ಇತ್ತು. 21 ಲೀಟರ್, ಅಲ್ಯೂಮಿನಿಯಂ ಬ್ಲಾಕ್. ಆಮೇಲಿನವಕ್ಕೆ ಬಂದದ್ದು ಎಚ್‌ಎಲ್ 230. 23 ಲೀಟರ್, ಎರಕದ ಕಬ್ಬಿಣದ ಬ್ಲಾಕ್. ಚಕ್ರಗಳೂ ಬದಲಾದವು. ಮೊದಲಿನವಕ್ಕೆ ರಬ್ಬರ್ ಅಂಚು, 1944ರ ನಂತರದವಕ್ಕೆ ಉಕ್ಕಿನ ಅಂಚು. ಒಂದು ಪಕ್ಕಕ್ಕೆ ಎಂಟು ಅಚ್ಚು, ಒಂದೊಂದು ಅಚ್ಚಿಗೆ ಮೂರು ಚಕ್ರ, ಅವೂ ಒಂದರೊಳಗೊಂದು ಹೆಣೆದುಕೊಂಡಂತೆ. ಒಳಗಿನ ಒಂದು ಚಕ್ರ ಬದಲಿಸಬೇಕಾದ್ರೆ ಹೊರಗಿನ ಹಲವು ಚಕ್ರ ಬಿಚ್ಚಬೇಕು. ಹಾಗಾಗಿ ‘ಟೈಗರ್ ಪಾರ್ಟ್ ಸಿಕ್ಕಿತು’ ಅಂದ್ರೆ ಸಾಲದು. ಯಾವ ತಿಂಗಳ ಟೈಗರ್ ಅಂತ ಕೇಳಬೇಕು.

ಕೊಯ್ದ ಎಂಜಿನ್ ಓಡೋದಿಲ್ಲ. ಅದಕ್ಕೆ ಪರಿಹಾರ ಸಿಕ್ಕಿದ್ದು ಮ್ಯೂಸಿಯಂನ ಒಳಗೇ. ಅಲ್ಲಿದ್ದ ಟೈಗರ್-2 ಟ್ಯಾಂಕ್‌ನಲ್ಲಿ ಎಚ್‌ಎಲ್ 230 ಎಂಜಿನ್ ಇತ್ತು. ಅದನ್ನ ತೆಗೆದು 131ಕ್ಕೆ ಕೂರಿಸಿದರು. ಜೊತೆಗೆ ಬೆಂಕಿ ಹತ್ತಿದರೆ ಆರಿಸೋಕೆ ಇವತ್ತಿನ ಕಾಲದ ವ್ಯವಸ್ಥೆಯನ್ನೂ ಎಂಜಿನ್ ಕೋಣೆಯಲ್ಲಿ ಇಟ್ಟರು. ಒಂದು ಟ್ಯಾಂಕ್ ಓಡಿತು. ಇನ್ನೊಂದು ಅಪರೂಪದ ಟ್ಯಾಂಕ್ ತನ್ನ ಎಂಜಿನ್ ಕಳೆದುಕೊಂಡಿತು. ಇದನ್ನ ನಾವು ಲೆಕ್ಕಕ್ಕೆ ತಗೋಬೇಕು. ಪುನರುಜ್ಜೀವನದ ವಿಡಿಯೋಗಳಲ್ಲಿ ಹೊಗೆ ಬಿಡುತ್ತಾ ಬರೋ ಟ್ಯಾಂಕ್ ಮಾತ್ರ ಕಾಣುತ್ತೆ. ಕೊಟ್ಟ ಟ್ಯಾಂಕ್ ಫ್ರೇಮ್‌ನ ಆಚೆ ನಿಂತಿರುತ್ತೆ.

ಮ್ಯೂಸಿಯಂ ಇಲ್ಲದ ಕಡೆ ಪಾರ್ಟ್ ಎಲ್ಲಿ ಸಿಗುತ್ತೆ? ಒಂದು ಜಾಗ ಹಳೆಯ ಯುದ್ಧಭೂಮಿ. ಫ್ರಾನ್ಸಿನ ವಿಮೂಟಿಯೆ ಊರಿನ ಹತ್ತಿರ ಒಂದು ಟೈಗರ್ ದಶಕಗಳ ಕಾಲ ರಸ್ತೆ ಪಕ್ಕ ನಿಂತಿತ್ತು. 1944ರ ಆಗಸ್ಟ್‌ನಲ್ಲಿ ಜರ್ಮನ್ನರು ಬಿಟ್ಟು ಹೋದದ್ದು. ಯುದ್ಧದ ನಂತರ ಗುಜರಿಗೆ ಮಾರಾಟವಾಗಿ, ಒಳಗಿನ ಭಾಗಗಳು ಒಂದೊಂದಾಗಿ ಹೋದವು. 1970ರ ದಶಕದಲ್ಲಿ ಅದನ್ನ ಉಳಿಸಿಕೊಂಡರು. ಉಳಿದದ್ದು ಹೆಚ್ಚಾಗಿ ಹೊರಗಿನ ಕವಚ. ಇನ್ನೊಂದು ಜಾಗ ನೀರು ಮತ್ತು ಕೆಸರು. 2000ದ ಸೆಪ್ಟೆಂಬರ್‌ನಲ್ಲಿ ಎಸ್ಟೋನಿಯಾದ ಕುರ್ಟ್ನಾ ಪ್ರದೇಶದ ಒಂದು ಕೆರೆಯಿಂದ ಟಿ-34 ಟ್ಯಾಂಕ್ ಮೇಲಕ್ಕೆತ್ತಿದರು. ಸೋವಿಯತ್ ಟ್ಯಾಂಕ್, ಆದರೆ ಮೈಮೇಲೆ ಜರ್ಮನ್ ಗುರುತು. ಯಾಕಂದ್ರೆ ಜರ್ಮನ್ನರು ಅದನ್ನ ವಶಪಡಿಸಿಕೊಂಡು ಬಳಸಿದ್ದರು. ಗಾಳಿ ಆಡದ ಕೆಸರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯೋದಿಲ್ಲ, ಅದಕ್ಕೇ ಅರ್ಧ ಶತಮಾನ ಕಳೆದರೂ ಆಕಾರ ಕೆಟ್ಟಿರಲಿಲ್ಲ. ಇಂಥ ಕಡೆ ಅಗೆಯೋದು ಹುಡುಗಾಟ ಅಲ್ಲ. ಸಿಡಿಯದ ಮದ್ದುಗುಂಡು ಇರಬಹುದು, ಸೈನಿಕರ ಅಸ್ಥಿಯೂ ಇರಬಹುದು.

ಸಿಕ್ಕ ಪಾರ್ಟ್ ಅಸಲಿಯೇ ಅಂತ ತಿಳಿಯೋದು ಹೇಗೆ? ಲೋಹದ ಮೇಲಿನ ಅಚ್ಚು ನೋಡ್ತಾರೆ. ಯುದ್ಧಕಾಲದ ಜರ್ಮನ್ ಕಾರ್ಖಾನೆಗಳು ಹೆಸರಿನ ಬದಲು ಗುಪ್ತ ಅಕ್ಷರಗಳ ಸಂಕೇತ ಒತ್ತುತ್ತಿದ್ದವು, ಕಾರ್ಖಾನೆ ಎಲ್ಲಿದೆ ಅಂತ ಶತ್ರುವಿಗೆ ತಿಳಿಯಬಾರದು ಅಂತ. ಇವತ್ತು ಅದೇ ಸಂಕೇತ ಪಾರ್ಟ್‌ನ ಆಧಾರ್ ಕಾರ್ಡ್!

ಆದರೆ ಅಚ್ಚು ಸರಿ ಇದ್ರೆ ಕಥೆ ಮುಗೀತಾ? ಅದೇ ಬೋವಿಂಗ್ಟನ್‌ನಲ್ಲಿ ಪ್ಯಾಂಥರ್ ಅನ್ನೋ ಇನ್ನೊಂದು ಜರ್ಮನ್ ಟ್ಯಾಂಕ್ ಇದೆ. ಅದರ ಭಾಗಗಳು ಜರ್ಮನ್ನರು ಮಾಡಿದ್ದೇ. ಆದರೆ ಅವುಗಳನ್ನ ಜೋಡಿಸಿ ಟ್ಯಾಂಕ್ ಮಾಡಿದ್ದು 1945ರಲ್ಲಿ, ಬ್ರಿಟಿಷರ ಉಸ್ತುವಾರಿಯಲ್ಲಿ, ಪರೀಕ್ಷೆ ಮಾಡಿ ನೋಡೋಕೆ ಅಂತ. ಪಾರ್ಟ್ ಎಲ್ಲ ಅಸಲಿ, ಆದರೆ ಆ ಟ್ಯಾಂಕ್ ಹಿಟ್ಲರನ ಸೇನೆಗೆ ಒಂದು ದಿನವೂ ದುಡಿದಿಲ್ಲ. ಇತ್ತ ಟೈಗರ್ 131ರ ಎಂಜಿನ್ ಬದಲಾಗಿದೆ, ಆದರೆ ಅದು ಯುದ್ಧ ಕಂಡಿದೆ. ಯಾವುದು ಹೆಚ್ಚು ಒರಿಜಿನಲ್?

ನನ್ನ ಅಭಿಪ್ರಾಯ ಹೇಳ್ತೀನಿ. ಟೈಗರ್ 131ರಲ್ಲಿ ಅತಿ ಬೆಲೆಬಾಳೋದು ಎಂಜಿನ್ ಅಲ್ಲ, ಅದರ ಮೈಮೇಲಿರೋ ಗಾಯದ ಗುರುತು. ಚರ್ಚಿಲ್ ಟ್ಯಾಂಕ್‌ನ ಗುಂಡು ತಾಗಿದ ಕಲೆ ಇವತ್ತಿಗೂ ಫಿರಂಗಿಯ ಬುಡದಲ್ಲಿ ಕಾಣುತ್ತೆ. ಈ ಟ್ಯಾಂಕ್ ಸಿಕ್ಕಿದ್ದು ಬೇರೆ ಜಾಗದಲ್ಲಿ, ಏಪ್ರಿಲ್ 21ರಂದು ಅಂತ ಹತ್ತಾರು ವರ್ಷ ನಂಬಿದ್ದರು. ಅಲ್ಲಿ ಹೋರಾಡಿದ್ದ ಒಬ್ಬ ಸೈನಿಕನ ಮಗ, ಅಪ್ಪ ಹೇಳಿದ್ದ ಮಾತಿನ ಬೆನ್ನು ಹತ್ತಿ ಹುಡುಕಿದ ಮೇಲೆ ಜಾಗವೂ ದಿನಾಂಕವೂ ತಿದ್ದುಪಡಿಯಾದವು. ಯಂತ್ರವೂ ಒಂದು ದಾಖಲೆ ಅನ್ನೋದು ಇದಕ್ಕೇ. ಮುಂದೆ ಇನ್ನೊಬ್ಬರು ಇನ್ನೊಂದು ಪ್ರಶ್ನೆ ಹಿಡಿದು ಬಂದಾಗ, ಉತ್ತರ ಒಂದು ಗೀರಿನಲ್ಲೋ ಹಳೇ ಬಣ್ಣದ ಪದರದಲ್ಲೋ ಇರಬಹುದು. ಹೊಳಪು ಬರಲಿ ಅಂತ ಅದನ್ನ ಉಜ್ಜಿಬಿಟ್ಟರೆ ಶಾಸನವನ್ನ ಸಾಣೆ ಹಿಡಿದ ಹಾಗೆ.

ಹಾಗಂತ ಓಡಿಸಲೇಬಾರದು ಅಂತ ನಾನು ಹೇಳೋದಿಲ್ಲ. 57 ಟನ್ ಉಕ್ಕು ನೆಲ ನಡುಗಿಸ್ತಾ ಬಂದಾಗ, 1943ರಲ್ಲಿ ಅದರ ಎದುರು ನಿಂತ ಹುಡುಗರ ಪಾಡು ಏನಾಗಿತ್ತು ಅಂತ ಮೈಗೆ ತಿಳಿಯುತ್ತೆ. ಗಾಜಿನ ಪೆಟ್ಟಿಗೆ ಅದನ್ನ ಹೇಳಲಾರದು. ರಬ್ಬರ್, ಪೈಪು, ವಾಷರ್ ಇಂಥವು ಎಷ್ಟೇ ಒರಿಜಿನಲ್ ಆದರೂ ಕಾಲಕ್ಕೆ ಕೊಳೆಯುತ್ತವೆ. ಅವನ್ನ ಹೊಸದಾಗಿ ಮಾಡಿಸಿ, ‘ಇದು ಹೊಸದು’ ಅಂತ ಗುರುತು ಹಾಕಿ, ಬರೆದಿಟ್ಟು, ತೆಗೆದ ಹಳೆಯದನ್ನೂ ಎತ್ತಿಟ್ಟರೆ ಯಾರಿಗೂ ಮೋಸ ಆಗೋದಿಲ್ಲ. ಬದಲಿಸೋದು ತಪ್ಪಲ್ಲ. ಬದಲಿಸಿ ಮುಚ್ಚಿಡೋದು ತಪ್ಪು.

ಕೊನೆಯದಾಗಿ ಒಂದು ಮಾತು. ಒರಿಜಿನಲ್ ಪಾರ್ಟ್ ಅಂದಾಗ ‘ಜರ್ಮನ್ ಎಂಜಿನಿಯರಿಂಗ್’ ಅಂತ ಕಣ್ಣರಳಿಸೋರು ಬಹಳ. ಆದರೆ ಯುದ್ಧಕಾಲದ ಹೆನ್ಶೆಲ್‌ನಲ್ಲಿ ಬೇರೆ ದೇಶಗಳಿಂದ ಹಿಡಿದು ತಂದ ಸಾವಿರಾರು ಜನರಿಂದ ಬಲವಂತವಾಗಿ ದುಡಿಸಿಕೊಂಡಿದ್ದರು. ಆ ಒಂದೊಂದು ಭಾಗದ ಮೇಲೂ ಕಾರ್ಖಾನೆಯ ಸಂಕೇತ ಇದೆ. ಅದನ್ನ ಎತ್ತಿ ಹೊತ್ತವರ ಹೆಸರು ಎಲ್ಲೂ ಇಲ್ಲ. ಅಸಲಿ ಟ್ಯಾಂಕ್ ತೋರಿಸೋ ಯಾವ ಮ್ಯೂಸಿಯಂ ಆದರೂ ಆ ಅಸಲಿ ಸಂಗತಿಯನ್ನೂ ಪಕ್ಕದಲ್ಲೇ ಬರೆದು ಹಾಕಬೇಕು.

ಮುಂದಿನ ಸಲ ಯಾವುದಾದ್ರೂ ಹಳೇ ಟ್ಯಾಂಕ್, ವಿಮಾನ, ಕಾರಿನ ಮುಂದೆ ನಿಂತಾಗ ‘ಇದು ಒರಿಜಿನಲ್ಲಾ?’ ಅಂತ ಕೇಳಿ. ಹೌದು ಅಂದ್ರೆ, ‘ಯಾವ ಭಾಗ, ಎಲ್ಲಿಂದ ಬಂತು, ಬದಲಿಸಿದ್ದು ಯಾವಾಗ?’ ಅಂತ ಇನ್ನೊಂದು ಪ್ರಶ್ನೆ ಕೇಳಿ. ಒಳ್ಳೇ ಮ್ಯೂಸಿಯಂ ಆದ್ರೆ ಅವರ ಹತ್ರ ಉತ್ತರ ಇರುತ್ತೆ.