ರೊಟ್ಟಿಯ ಬೂಷ್ಟು, ಎದೆಯ ಬೂಷ್ಟು: ಒಂದು ಪ್ರಶ್ನೆಯ ಚರಿತ್ರೆ

ಕನ್ನಡ ಎಂ.ಎ. ಓದುವವರಿಗೆ ವೈದ್ಯಕೀಯ ಚರಿತ್ರೆ ಯಾಕೆ ಅಂತ ನೀವು ಕೇಳಬಹುದು. ನನ್ನ ಅಜ್ಜಿ ಕೇಳಿದ ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ.

ಅಥಣಿ, ಕಾಗವಾಡ, ಜತ್ತ ಕಡೆ ದಿನ ತುಂಬದ ಕೂಸು ಹುಟ್ಟಿದರೆ ‘ಮಿರಜಿಗೆ ಒಯ್ಯಿರಿ’ ಅನ್ನುತ್ತಾರೆ. ಈ ಮಾತಿಗೂ ಚರಿತ್ರೆಯಿದೆ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಸಾಂಗ್ಲಿ, ಮಿರಜ ಮರಾಠಿ ಊರುಗಳಾದರೂ ಅಲ್ಲಿನ ವಾರ್ಡುಗಳಲ್ಲಿ ಕನ್ನಡ ಧಾರಾಳವಾಗಿ ಕೇಳಿಸುತ್ತದೆ.

ನಮ್ಮ ಕಾಕಿಯ ಕೂಸು ಏಳು ತಿಂಗಳಿಗೇ ಹುಟ್ಟಿ ಅಂಥದೊಂದು ವಾರ್ಡಿನಲ್ಲಿತ್ತು. ಹೃದಯದಲ್ಲಿ ಫಂಗಸ್ ಬೆಳೆದಿದೆ ಎಂದರು ಡಾಕ್ಟರು. ಅಜ್ಜಿ ಕೇಳಿದಳು: ‘ರೊಟ್ಟಿಗೆ ಬರೋ ಬೂಷ್ಟು ಎದಿಯೊಳಗ ಹೆಂಗ ಬರತದ?’ ಕೂಸು ಉಳಿಯಲಿಲ್ಲ. ಬಸುರಿದ್ದಾಗ ತಂಗಳು ತಿಂದಳೆಂದು ಮನೆಯವರು ಕಾಕಿಯನ್ನೇ ದೂರಿದರು.

ಉತ್ತರ ಹುಡುಕಿದಾಗ ಸಿಕ್ಕಿದ್ದು ಬೇರೆಯೇ. ಇದು ರೊಟ್ಟಿಯ ಬೂಷ್ಟಲ್ಲ, ಕ್ಯಾಂಡಿಡಾ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಿ, ಕರುಳು, ಚರ್ಮದಲ್ಲೂ ಇರುತ್ತದೆ. ಕೂಸುಗಳ ಬಾಯಲ್ಲಿ ಬಿಳಿ ಕಟ್ಟುವುದಕ್ಕೆ ಇದೇ ಕಾರಣವೆಂದು 1840ರ ದಶಕದಲ್ಲೇ ಸ್ವೀಡನ್ನಿನ ವೈದ್ಯ ಬರ್ಗ್ ತೋರಿಸಿದ್ದರು. ಬಾಯಲ್ಲಿದ್ದದ್ದು ಹೃದಯ ಮುಟ್ಟಲು ಹೊಸ ದಾರಿ ಬೇಕಿತ್ತು.

ಆ ದಾರಿ ತೆರೆದದ್ದು ಕೂಸು ಉಳಿಸುವ ಪ್ರಯತ್ನವೇ. 1880ರ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ತಾರ್ನಿಯೆ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಂದರು. ಆಮೇಲೆ ಆಂಟಿಬಯಾಟಿಕ್ ಬಂತು. 1960ರ ದಶಕದ ಕೊನೆಗೆ ಅಮೆರಿಕದ ಡಡ್ರಿಕ್ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಟ್ಟು ತೋರಿಸಿದರು. ಹಾಗೆ ಹಾಕುವ ನಳಿಕೆಯ ತುದಿ ಹೃದಯದ ಹತ್ತಿರವೇ ಇರುತ್ತದೆ. ಆಂಟಿಬಯಾಟಿಕ್ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಚರ್ಮ ತೆಳು, ರೋಗನಿರೋಧಕ ಶಕ್ತಿ ಅರೆಬರೆ. ಶಿಲೀಂಧ್ರ ನಳಿಕೆಗೆ ಅಂಟಿ, ಹೃದಯದ ಬಲಗೋಣೆಯಲ್ಲಿ ಗಡ್ಡೆಯಾಗಿ ಬೆಳೆಯಬಹುದು. ಔಷಧಿಯೂ ಇದೆ: 1950ರ ದಶಕದಲ್ಲಿ ವೆನೆಜುವೆಲಾದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಆಂಫೋಟೆರಿಸಿನ್. ಆದರೆ ವಾರಗಟ್ಟಲೆ ಕೊಡಬೇಕು, ಮೂತ್ರಪಿಂಡಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಬೇಕು.

ಹಾಗಂತ ನಳಿಕೆಯನ್ನು ದೂರುವಂತಿಲ್ಲ. ಅದಿಲ್ಲದಿದ್ದರೆ ಇಂಥ ಎಷ್ಟೋ ಕೂಸುಗಳು ಮೊದಲ ವಾರವನ್ನೇ ದಾಟುತ್ತಿರಲಿಲ್ಲ. ಆಸ್ಪತ್ರೆಗಳ ಚರಿತ್ರೆಯನ್ನು ನಾವು ಉಳಿದವರ ಲೆಕ್ಕದಲ್ಲಿ ಬರೀತೀವಿ. ಉಳಿಸುವ ದಾರಿಯಲ್ಲೇ ಬಂದ ಈ ಕಾಯಿಲೆಯೂ ಆ ಚರಿತ್ರೆಯ ಭಾಗ. ಅದನ್ನು ಕನ್ನಡದಲ್ಲಿ ಹೇಳದೇ ಹೋದರೆ ಖಾಲಿ ಜಾಗದಲ್ಲಿ ತಾಯಿಯ ತಪ್ಪು ಬಂದು ಕೂರುತ್ತದೆ.

ಇದನ್ನೆಲ್ಲ ಕಾಕಿಗೆ ಹೇಳಿದೆ. ‘ಹಂಗಾರ ತಂಗಳದ್ದಲ್ಲೇನು?’ ಅಂತ ಎರಡು ಸಲ ಕೇಳಿದಳು. ಅಲ್ಲ ಅಂದೆ.

ಇಷ್ಟು ಹೇಳಿ ಮುಗಿಸ್ತೀನಿ. ಚರ್ಚೆಗೆ ಸ್ವಾಗತ.